ಗುಮ್ಮಟವೆಂದರೆ ಆಕಾಶವೇ? ಗೋಳಗುಮ್ಮಟದಿಂದ ಮುಂಬಯಿಯ ಜಿ.ಪಿ.ಒ.ವರೆಗೆ ಒಂದು ಪ್ರಶ್ನೆ

ಪ್ರಶ್ನೆ: ವಿಜಯಪುರದವಳು, ಡೊಂಬಿವಲಿ

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಕಳೆದ ವಾರ ಅಂಚೆ ಉಳಿತಾಯದ ಕೆಲಸಕ್ಕಾಗಿ ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಜಿ.ಪಿ.ಒ.ಗೆ, ಅಂದರೆ ಪ್ರಧಾನ ಅಂಚೆ ಕಚೇರಿಗೆ, ಹೋಗಿದ್ದೆ. ಸರದಿ ಉದ್ದವಿತ್ತು. ನಿಂತಲ್ಲೇ ತಲೆಯೆತ್ತಿ ನೋಡಿದಾಗ ನಮ್ಮೂರಿನ ಗುಮ್ಮಟವೇ ಬಂದು ಮೇಲೆ ಕುಳಿತಂತೆ ಕಂಡಿತು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಗೋಳಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಈ ಕಟ್ಟಡವನ್ನು ರೂಪಿಸಿದರೆಂದೂ, 1904ರಲ್ಲಿ ಆರಂಭವಾದ ಕೆಲಸ 1913ರಲ್ಲಿ ಮುಗಿಯಿತೆಂದೂ ಓದಿ ತಿಳಿದಿದ್ದೆ. ಆದರೆ ಓದಿ ತಿಳಿಯುವುದೇ ಬೇರೆ, ಕೈಯಲ್ಲಿ ಪಾಸ್‌ಬುಕ್ ಹಿಡಿದು ಅದರ ಕೆಳಗೆ ಅರ್ಧ ಗಂಟೆ ನಿಲ್ಲುವುದೇ ಬೇರೆ.

ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನನ್ನು ಗೋಳಗುಮ್ಮಟದ ಮೂಲೆಯ ಗೋಪುರದ ಕಡಿದಾದ ಮೆಟ್ಟಿಲುಗಳನ್ನು ಹತ್ತಿಸಿ ಪಿಸುಮಾತಿನ ಗ್ಯಾಲರಿಗೆ ಕರೆದೊಯ್ದಿದ್ದರು. ನನ್ನನ್ನು ಒಂದು ಕಡೆ ಕೂರಿಸಿ, ತಾವು ನೇರ ಎದುರಿಗೆ ಹೋಗಿ, ಗೋಡೆಗೆ ಮುಖ ಮಾಡಿ ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು. ಅಷ್ಟು ದೂರದ ದನಿ ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿ, ಮತ್ತೆ ಮತ್ತೆ ಮರಳಿ ಬಂತು. ಅಂದು ಜೊತೆಗಿದ್ದ ಮಾರ್ಗದರ್ಶಿ ಹೇಳಿದ್ದು ಈಗಲೂ ನೆನಪಿದೆ: ಕೆಳಗಿನ ಚೌಕ ಭೂಮಿ, ಮೇಲಿನ ವೃತ್ತ ಸ್ವರ್ಗ, ನಡುವಿನ ಎಂಟು ಮೂಲೆಗಳು ದೇವರ ಸಿಂಹಾಸನವನ್ನು ಹೊತ್ತ ಎಂಟು ದೇವದೂತರು.

ಜಿ.ಪಿ.ಒ.ದಲ್ಲಿ ನಿಂತಾಗ ಆ ಮಾತಿನ ಬಗ್ಗೆ ಸಂಶಯ ಹುಟ್ಟಿತು. ಆಕಾರದಲ್ಲೇ ಅರ್ಥವಿರುವುದಾದರೆ ಅಂಚೆ ಕಚೇರಿಯ ಗುಮ್ಮಟವೂ ಸ್ವರ್ಗವಾಗಬೇಕಿತ್ತು. ಇಸ್ಲಾಮಿನ ಕಟ್ಟಡಗಳ ಹಿಂದೆ ವಿಶ್ವದ ಬಗೆಗಿನ ಕಲ್ಪನೆ ನಿಜವಾಗಿಯೂ ಕೆಲಸ ಮಾಡಿದೆಯೇ, ಅಥವಾ ಅದು ನಂತರದವರು ಹಚ್ಚಿದ ಅರ್ಥವೇ? ಕಟ್ಟಿದವರ ಮನಸ್ಸಿನಲ್ಲಿ ಆಕಾಶವಿದ್ದದ್ದು ಹೌದಾದರೆ, ಅದನ್ನು ಕಟ್ಟಡದ ಯಾವ ಭಾಗದಲ್ಲಿ ಹುಡುಕಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಕೋಥ್ರೂಡ್ ಕನ್ನಡಿಗ, ಪುಣೆ

ಮೇಡಂ, ನಾನು ಧಾರವಾಡದ ಕಡೆಯವನು, ಪುಣೆಯಲ್ಲಿ ಕಟ್ಟಡಗಳ ರಚನಾ ಲೆಕ್ಕಾಚಾರ ಮಾಡುವ ಎಂಜಿನಿಯರ್. ಹಾಗಾಗಿ ಕಟ್ಟುವವನ ಕಡೆಯಿಂದ ಮಾತ್ರ ಉತ್ತರಿಸುತ್ತೇನೆ.

ಗೋಳಗುಮ್ಮಟದ ಒಳಕೋಣೆ ಸುಮಾರು 135 ಅಡಿಯ ಚೌಕ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಚೌಕದ ನಾಲ್ಕು ಗೋಡೆಗಳ ಮೇಲೆ ವೃತ್ತವನ್ನು ಕೂರಿಸಬೇಕಾದರೆ ನಾಲ್ಕು ಮೂಲೆಗಳನ್ನು ಹೇಗಾದರೂ ತುಂಬಲೇಬೇಕು. ಬಿಜಾಪುರದ ಕುಶಲಿಗಳು ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ: ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟಂತೆ ಎಂಟು ಕಮಾನುಗಳನ್ನು ಒಂದಕ್ಕೊಂದು ಅಡ್ಡಹಾಯುವಂತೆ ಎಬ್ಬಿಸಿದರು. ಅವು ಕೂಡುವಲ್ಲಿ ಎಂಟು ಮೂಲೆಗಳಾಗುತ್ತವೆ, ಆ ಎಂಟರ ಮೇಲೆ ವೃತ್ತ ಸುಲಭವಾಗಿ ಕೂರುತ್ತದೆ. ಕಮಾನುಗಳ ನಡುವಿನ ಕಲ್ಲುಗಾರೆ ಕೋಣೆಯ ಒಳಮುಖವಾಗಿ ಚಾಚಿಕೊಂಡಿರುವುದರಿಂದ ಅದರ ಭಾರವು, ಗೋಡೆಗಳನ್ನು ಹೊರಕ್ಕೆ ದೂಡಲು ಹವಣಿಸುವ ಗುಮ್ಮಟದ ಒತ್ತಡಕ್ಕೆ ಎದುರಾಗಿ ನಿಲ್ಲುತ್ತದೆ. 1656ರಲ್ಲಿ, ಗೋಳಗುಮ್ಮಟದಲ್ಲಿ ಸಮಾಧಿಯಾದ ಸುಲ್ತಾನ ಮೊಹಮ್ಮದ್ ಆದಿಲ್‌ಶಾಹ ತೀರಿಕೊಂಡ ಹೊತ್ತಿಗೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲ. 1576ರಲ್ಲಿ ಆರಂಭವಾದ ಅಲ್ಲಿನ ಜಾಮಿ ಮಸೀದಿಯ ಗುಮ್ಮಟವೂ ಇಂಥ ಕಮಾನುಗಳ ಮೇಲೆಯೇ ನಿಂತಿದೆ.

ಚೌಕ, ಎಂಟು ಮೂಲೆ, ವೃತ್ತ ಎಂಬ ಈ ಕ್ರಮ ಇಸ್ಲಾಮಿಗಿಂತ ಹಳೆಯದು. ಇರಾನಿನ ಫಿರೂಜಾಬಾದಿನಲ್ಲಿ ಸಸಾನಿ ದೊರೆಗಳು ಮೂರನೆಯ ಶತಮಾನದಲ್ಲೇ ಮೂಲೆಗಳಿಗೆ ಕಮಾನು ಹಾಯಿಸಿ ಗುಮ್ಮಟ ಕಟ್ಟಿದ್ದರು. ಇಸ್ತಾಂಬುಲಿನಲ್ಲಿ ಚರ್ಚಾಗಿ ಕಟ್ಟಿದ, ದೊಡ್ಡ ಗುಮ್ಮಟದ ಹಗಿಯಾ ಸೋಫಿಯಾ ಮುಗಿದದ್ದು 537ರಲ್ಲಿ. ಜೆರುಸಲೇಮಿನ ಬಂಡೆಯ ಗುಮ್ಮಟವನ್ನು ಖಲೀಫ ಅಬ್ದುಲ್ ಮಲಿಕ್ 691-92ರಲ್ಲಿ ಕಟ್ಟಿಸಿದಾಗ, ಅದರ ಅಷ್ಟಕೋನಕ್ಕೆ ಸುತ್ತಲಿನ ಕ್ರೈಸ್ತ ಕಟ್ಟಡಗಳಲ್ಲಿ ಮಾದರಿಗಳು ಸಿದ್ಧವಾಗಿದ್ದವು. ಎಂಟು ದೇವದೂತರು ಸಿಂಹಾಸನ ಹೊರುವ ಮಾತು ಕುರ್‌ಆನಿನ 69ನೆಯ ಅಧ್ಯಾಯದಲ್ಲಿ ಇರುವುದು ನಿಜ. ಆದರೆ ಎಂಟು ಮೂಲೆ ಕಂಡಲ್ಲೆಲ್ಲ ಆ ವಾಕ್ಯವನ್ನು ತಂದು ಜೋಡಿಸಿದರೆ, ಭಾರ ಹೊತ್ತ ಕಲ್ಲಿಗೂ ಅದನ್ನು ಕೂರಿಸಿದ ಕೈಗೂ ಅನ್ಯಾಯವಾಗುತ್ತದೆ ಎಂದು ನನಗನ್ನಿಸುತ್ತದೆ.

ಉತ್ತರ 2: ಇತಿಹಾಸದ ವಿದ್ಯಾರ್ಥಿನಿ, ವಡಾಲಾ

ಎಂಜಿನಿಯರ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಅಷ್ಟಕ್ಕೇ ನಿಲ್ಲಿಸಲಾರೆ. ಒಂದು ಆಕಾರ ಹಳೆಯದಾಗಿದ್ದ ಮಾತ್ರಕ್ಕೆ ಅದಕ್ಕೆ ಹೊಸ ಅರ್ಥ ಬರಲಾರದು ಎಂದೇನಿಲ್ಲ. ಅರ್ಥ ಬಂದಿದೆಯೋ ಇಲ್ಲವೋ ಎಂಬುದನ್ನು ನಾವು ಊಹಿಸಬೇಕಾಗಿಲ್ಲ, ಎಷ್ಟೋ ಕಡೆ ಕಟ್ಟಡವೇ ಬಾಯಿಬಿಟ್ಟು ಹೇಳುತ್ತದೆ. ಗೋಡೆಯ ಮೇಲಿನ ಬರಹವನ್ನು ಓದಬೇಕು, ಅಷ್ಟೆ.

ನಿಮ್ಮೂರಿನ ಇನ್ನೊಂದು ಗೋರಿ ಕಟ್ಟಡವಾದ ಇಬ್ರಾಹಿಂ ರೋಜಾವನ್ನೇ ತೆಗೆದುಕೊಳ್ಳಿ. ಅಲ್ಲಿನ ಬಾಗಿಲ ಮೇಲಿರುವ ಪರ್ಷಿಯನ್ ಶಾಸನದ ಭಾವ ಹೀಗಿದೆ: ಈ ಕಟ್ಟಡದ ಎತ್ತರವನ್ನು ಕಂಡು ಆಕಾಶವೇ ಬೆರಗಾಗಿ ನಿಂತಿತು, ಇದು ನೆಲದಿಂದ ತಲೆಯೆತ್ತಿದಾಗ ಇನ್ನೊಂದು ಆಕಾಶವೇ ಮೂಡಿತೇನೋ ಎನ್ನುವಂತಿತ್ತು, ಸ್ವರ್ಗದ ತೋಟ ತನ್ನ ಚೆಲುವನ್ನು ಈ ತೋಟದಿಂದ ಕಡ ಪಡೆಯಿತು. ಕಟ್ಟಡ ಮುಗಿದ ವರ್ಷವನ್ನು ಆಕಾಶದಿಂದ ಒಬ್ಬ ದೇವದೂತನೇ ಸಾರಿದನೆಂದು ಹೇಳಿ, ರಾಣಿ ತಾಜ್ ಸುಲ್ತಾನಳ ಹೆಸರಿರುವ ಒಂದು ವಾಕ್ಯದ ಅಕ್ಷರಗಳಲ್ಲಿ ಆ ವರ್ಷವನ್ನು ಅಡಗಿಸಿಟ್ಟಿದ್ದಾರೆ (ಆ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ). ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೂ ಇಂಥದೇ ಮೂರು ವಾಕ್ಯಗಳಿವೆ. ಒಂದೊಂದರ ಅಕ್ಷರಗಳ ಬೆಲೆಯನ್ನು ಕೂಡಿಸಿದರೂ ಹಿಜರಿ 1067 (ಕ್ರಿ.ಶ. 1656-57) ಬರುತ್ತದೆ, ಮತ್ತು ಅವುಗಳಲ್ಲೊಂದು ಸುಲ್ತಾನನನ್ನು ಸ್ವರ್ಗವಾಸಿ ಎಂದು ಕರೆಯುತ್ತದೆ.

ಇದು ಕವಿಯ ಉತ್ಪ್ರೇಕ್ಷೆ ಎಂದು ನೀವು ಹೇಳಬಹುದು. ಹೌದು, ಉತ್ಪ್ರೇಕ್ಷೆಯೇ. ಆದರೆ ಕಟ್ಟಡವನ್ನು ಎರಡನೆಯ ಆಕಾಶವೆಂದು ಕರೆಯಬಹುದು ಎಂಬ ಭಾಷೆ 1620ರ ದಶಕದ ಬಿಜಾಪುರದಲ್ಲಿ ಬಳಕೆಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಅದೇ ಊರಿನಲ್ಲಿ 1570ರಲ್ಲಿ, ಜಾಮಿ ಮಸೀದಿಯನ್ನು ಕಟ್ಟಿಸಿದ ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲೇ, ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಗ್ರಹ ರಾಶಿಗಳ ಚಿತ್ರಗಳ ಜೊತೆಗೆ ಏಳು ಅಂತಸ್ತಿನ ಒಂದು ಸಿಂಹಾಸನದ ಚಿತ್ರವೂ ಅದರಲ್ಲಿದೆ. ಅದೀಗ ಡಬ್ಲಿನ್ನಿನ ಸಂಗ್ರಹಾಲಯದಲ್ಲಿದೆ. ಆಕಾಶದ ಲೆಕ್ಕ ಆ ಆಸ್ಥಾನಕ್ಕೆ ದೂರದ ವಿಷಯವಾಗಿರಲಿಲ್ಲ.

ಇದಕ್ಕಿಂತ ನೇರವಾದ ಉದಾಹರಣೆ ಸ್ಪೇನಿನ ಗ್ರಾನಡಾದಲ್ಲಿದೆ. ಅಲ್‌ಹಂಬ್ರಾ ಅರಮನೆಯಲ್ಲಿ ರಾಯಭಾರಿಗಳ ಸಭಾಂಗಣವೆಂದು ಹೆಸರಾದ ಕೋಣೆಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಸುಲ್ತಾನ ಒಂದನೆಯ ಯೂಸುಫ್ ಕಟ್ಟಿಸಿದ. ಅದರ ಮರದ ಛಾವಣಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಸೇರಿಸಿ ಸಾಲು ಸಾಲಾಗಿ ನಕ್ಷತ್ರಗಳನ್ನು ಮಾಡಿದ್ದಾರೆ. ಛಾವಣಿಯ ಬುಡದಲ್ಲಿ ಸುತ್ತಲೂ ಬರೆದಿರುವುದು ಕುರ್‌ಆನಿನ 67ನೆಯ ಅಧ್ಯಾಯ. ಒಂದರ ಮೇಲೊಂದಾಗಿ ಏಳು ಆಕಾಶಗಳನ್ನು ಸೃಷ್ಟಿಸಿದವನ ಕೆಲಸದಲ್ಲಿ ಕುಂದು ಕಾಣುವೆಯೇನು, ಮತ್ತೊಮ್ಮೆ ಕಣ್ಣೆತ್ತಿ ನೋಡು ಎಂದು ಆ ಅಧ್ಯಾಯ ಕೇಳುತ್ತದೆ. ಹತ್ತಿರದ ಆಕಾಶವನ್ನು ದೀಪಗಳಿಂದ ಅಲಂಕರಿಸಿದ್ದೇವೆ ಎನ್ನುತ್ತದೆ. ಓದಿದವನು ತಾನಾಗಿ ಕಣ್ಣೆತ್ತುತ್ತಾನೆ. ಅಲ್ಲಿ ಬರಹಕ್ಕೂ ಮರಗೆಲಸಕ್ಕೂ ನಡುವೆ ಸಂಶಯಕ್ಕೆ ಎಡೆಯೇ ಇಲ್ಲ.

ಎಚ್ಚರಿಕೆಯ ಮಾತೂ ಒಂದಿದೆ. ಇಡೀ ತಾಜ್ ಮಹಲ್ ದೇವರ ಸಿಂಹಾಸನದ ನಕ್ಷೆಯಂತೆ ರಚಿತವಾಗಿದೆ ಎಂದು 1979ರಲ್ಲಿ ಒಬ್ಬ ವಿದ್ವಾಂಸರು ವಾದಿಸಿದರು. ವಾದ ಬಹಳ ಸೊಗಸಾಗಿದೆ, ಆದರೆ ಎಲ್ಲರೂ ಅದನ್ನು ಒಪ್ಪಿಲ್ಲ. ನನಗೆ ತಾಜ್‌ನ ಹೆಬ್ಬಾಗಿಲಿನ ಬರಹವೇ ಸಾಕು. ಅದು 89ನೆಯ ಅಧ್ಯಾಯದ ಕೊನೆಯ ಕರೆ, ನನ್ನ ಸ್ವರ್ಗವನ್ನು ಪ್ರವೇಶಿಸು ಎಂಬುದು. ಅದನ್ನು ದಾಟಿದರೆ ಎದುರಿಗೆ ತೋಟವಿದೆ.

ಉತ್ತರ 3: ಭಟ್ಕಳದವನು, ಡೋಂಗ್ರಿ

ಅಕ್ಕನವರ ಪ್ರಶ್ನೆಯನ್ನೂ ಇಬ್ಬರ ಉತ್ತರಗಳನ್ನೂ ಗಮನವಿಟ್ಟು ಓದಿದೆ. ನಾನು ಪಂಡಿತನಲ್ಲ; ಭಟ್ಕಳದ ನವಾಯತ ಮನೆಯವನು, ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ವ್ಯಾಪಾರದಲ್ಲಿದ್ದೇನೆ. ದಿನಕ್ಕೆ ಐದು ಹೊತ್ತು ಮಸೀದಿಯೊಳಗೆ ನಿಲ್ಲುವವನಾಗಿ ಒಂದು ಮಾತು ಹೇಳಬೇಕೆನಿಸಿತು. ಆಕಾಶವನ್ನು ಎಲ್ಲರೂ ಗುಮ್ಮಟದಲ್ಲೇ ಹುಡುಕುತ್ತಿದ್ದೀರಿ. ಮಸೀದಿಗೆ ಗುಮ್ಮಟ ಇರಲೇಬೇಕೆಂಬ ನಿಯಮವಿಲ್ಲ. ನಮ್ಮ ಡೋಂಗ್ರಿಯ ಇರಾನಿ ಮಸೀದಿಯನ್ನು ನೋಡಿ. ಜನ ಅದನ್ನು ಮೊಗಲ್ ಮಸೀದಿ ಎನ್ನುತ್ತಾರೆ. 1860ರಲ್ಲಿ ಶಿರಾಜ್ ಮೂಲದ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. ಮುಂಭಾಗದ ತುಂಬ ನೀಲಿ ಹೆಂಚಿನ ಕೆಲಸವಿದೆ, ಎರಡು ಮಿನಾರುಗಳಿವೆ, ಅಂಗಳದಲ್ಲಿ ಕೈಕಾಲು ತೊಳೆಯುವ ಕೊಳ, ಹೌಜ್ ಇದೆ. ಗುಮ್ಮಟ ಮಾತ್ರ ಇಲ್ಲ. ಆದರೂ ಅದರಲ್ಲಿ ಮಸೀದಿಗೆ ಬೇಕಾದ ಯಾವುದರ ಕೊರತೆಯೂ ಇಲ್ಲ.

ಇಲ್ಲದಿದ್ದರೆ ನಡೆಯದು ಎನ್ನುವಂಥದ್ದು ಎರಡೇ: ದಿಕ್ಕು ಮತ್ತು ಹೊತ್ತು. ಈ ಎರಡನ್ನೂ ಕೊಡುವುದು ಆಕಾಶ.

ಮೊದಲು ದಿಕ್ಕು. ನಮ್ಮಲ್ಲಿ ಕಿಬ್ಲಾ, ಅಂದರೆ ನಮಾಜಿನಲ್ಲಿ ಮುಖಮಾಡಬೇಕಾದ ಮಕ್ಕಾದ ಕಡೆ, ಪಶ್ಚಿಮ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಲೆಕ್ಕ ಹಾಕಿದರೆ ಮುಂಬಯಿಯಿಂದ ಮಕ್ಕಾದ ದಿಕ್ಕು ಪಶ್ಚಿಮದಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ ವಾಲಿದೆ. ವಿಜಯಪುರದಿಂದ ಹದಿಮೂರೂವರೆ ಡಿಗ್ರಿಯಷ್ಟು. ಇದಕ್ಕೆ ಭೂಮಿ ಗೋಳವೆಂಬ ತಿಳಿವಳಿಕೆ ಬೇಕು, ಎರಡೂ ಊರುಗಳ ಅಕ್ಷಾಂಶ ರೇಖಾಂಶಗಳು ಬೇಕು, ಗೋಳದ ಮೇಲಿನ ತ್ರಿಕೋನದ ಗಣಿತ ಬೇಕು. ಗಣಿತಜ್ಞ ಅಲ್ ಬಿರೂನಿ 1025ರಲ್ಲಿ ಮುಗಿಸಿದ ಒಂದು ಗ್ರಂಥದಲ್ಲಿ ಘಜ್ನಿ ಪಟ್ಟಣದ ಕಿಬ್ಲಾವನ್ನು ಹೀಗೆ ಲೆಕ್ಕಹಾಕಿ ತೋರಿಸಿದ್ದಾನೆ. ಗಣಿತ ಬಾರದ ಊರುಗಳಲ್ಲಿ ಜನ ನಕ್ಷತ್ರ ಹುಟ್ಟುವ, ಮುಳುಗುವ ಜಾಗಗಳನ್ನು ನೋಡಿ ದಿಕ್ಕು ಹಿಡಿಯುತ್ತಿದ್ದರು. ಮಕ್ಕಾದ ಕಾಬಾದ ಕಟ್ಟಡವೇ ಆಕಾಶಕ್ಕೆ ಹೊಂದಿಕೊಂಡು ನಿಂತಿದೆ: ಅದರ ಉದ್ದದ ಅಕ್ಷ ಸುಹೈಲ್ ನಕ್ಷತ್ರ ಹುಟ್ಟುವ ಕಡೆಗಿದೆ. ಕನ್ನಡದಲ್ಲಿ ನಾವು ಅಗಸ್ತ್ಯ ಎನ್ನುವ ನಕ್ಷತ್ರವೇ ಅದು.

ಈ ದಿಕ್ಕು ಕಟ್ಟಡವನ್ನು ಎಷ್ಟು ಬಲವಾಗಿ ತಿರುಗಿಸುತ್ತದೆ ಎಂಬುದಕ್ಕೆ ಇರಾನಿನ ಇಸ್ಫಹಾನಿನ ಶೇಖ್ ಲುತ್ಫುಲ್ಲಾ ಮಸೀದಿ ಸಾಕ್ಷಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಷಾ ಅಬ್ಬಾಸ್ ಕಟ್ಟಿಸಿದ್ದು. ಅದರ ಬಾಗಿಲು ಮೈದಾನದಂಥ ದೊಡ್ಡ ಚೌಕಕ್ಕೆ ಮುಖಮಾಡಿದೆ, ಆದರೆ ಆ ಚೌಕ ಮಕ್ಕಾದ ದಿಕ್ಕಿಗೆ ಹೊಂದಿಲ್ಲ. ಹಾಗಾಗಿ ಒಳಗೆ ಕಾಲಿಟ್ಟವರನ್ನು ಒಂದು ಮಬ್ಬು ಓಣಿ ಮೆಲ್ಲಗೆ ತಿರುಗಿಸಿಕೊಂಡು ಹೋಗಿ, ಗುಮ್ಮಟದ ಕೋಣೆಯಲ್ಲಿ ಸರಿಯಾಗಿ ಮಿಹ್ರಾಬಿನ (ಮಕ್ಕಾದ ದಿಕ್ಕು ತೋರುವ ಗೋಡೆಯ ಗೂಡು) ಎದುರಿಗೆ ತಂದು ನಿಲ್ಲಿಸುತ್ತದೆ. ರಾಜನ ಚೌಕವೂ ಕಿಬ್ಲಾವನ್ನು ಅಲುಗಿಸಲಾಗಲಿಲ್ಲ. ನಮ್ಮ ಮುಂಬಯಿಯ ಇಕ್ಕಟ್ಟಿನ ಕಟ್ಟಡಗಳ ನಮಾಜ್ ಕೋಣೆಗಳಲ್ಲೂ ಇದೇ ಕತೆ. ಗೋಡೆಗಳು ಬೀದಿಗೆ ಸರಿಯಾಗಿರುತ್ತವೆ, ಚಾಪೆಯ ಸಾಲುಗಳು ಮಾತ್ರ ಓರೆಯಾಗಿರುತ್ತವೆ. ಮೂಲೆಯಲ್ಲಿ ತ್ರಿಕೋನದಷ್ಟು ಜಾಗ ಖಾಲಿ ಉಳಿಯುತ್ತದೆ, ಅಲ್ಲಿ ಜನ ಚಪ್ಪಲಿಯ ಚೀಲ ಇಡುತ್ತಾರೆ.

ಇನ್ನು ಹೊತ್ತು. ಐದೂ ನಮಾಜುಗಳ ವೇಳೆ ಸೂರ್ಯನನ್ನು ಹಿಡಿದು ನಿರ್ಧಾರವಾಗುತ್ತದೆ. ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಜಿನ ವೇಳೆ ನೆರಳಿನ ಅಳತೆಯಿಂದ ಬರುತ್ತದೆ: ನಟ್ಟ ನಡುಹಗಲಿನ ನೆರಳನ್ನು ಬಿಟ್ಟು, ಕೋಲಿನ ನೆರಳು ಕೋಲಿನಷ್ಟೇ ಉದ್ದವಾದಾಗ ಶಾಫಿ ಪಂಥದವರಿಗೆ ಅಸರ್ ಶುರು, ಎರಡರಷ್ಟಾದಾಗ ಹನಫಿಗಳಿಗೆ. ಕೊಂಕಣಿ ಮುಸ್ಲಿಮರೂ ನಾವು ನವಾಯತರೂ ಶಾಫಿಗಳು. ಹೀಗಾಗಿ ಒಂದೇ ಬಡಾವಣೆಯಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ಮಸೀದಿಯ ಆಜಾನ್ ಮೊದಲು ಕೇಳುತ್ತದೆ, ಸಾಕಷ್ಟು ಹೊತ್ತಾದ ಮೇಲೆ ಪಕ್ಕದ ಹನಫಿ ಮಸೀದಿಯದು. ಕೇಳುವವರಿಗೆ ಒಂದೇ ಕರೆ ಎರಡು ಸಲ ಬಂದಂತೆ ತೋರಬಹುದು. ನಿಜದಲ್ಲಿ ಅದು ನೆರಳಿನ ಎರಡು ಅಳತೆ.

ಈ ಕೆಲಸಕ್ಕಾಗಿಯೇ ದೊಡ್ಡ ಮಸೀದಿಗಳಲ್ಲಿ ‘ಮುವಕ್ಕಿತ್’ ಎಂಬ ಹುದ್ದೆಯಿತ್ತು, ಎಂದರೆ ವೇಳೆ ನಿರ್ಣಯಿಸುವವನು. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಆ ಹುದ್ದೆಯಲ್ಲಿದ್ದ ಇಬ್ನ್ ಅಲ್ ಶಾತಿರ್ ಗ್ರಹಗಳ ಚಲನೆಗೆ ಹೊಸ ಗಣಿತ ಕೊಟ್ಟ ದೊಡ್ಡ ಖಗೋಳಜ್ಞ. 1371ರಲ್ಲಿ ಅವನು ಅಲ್ಲಿನ ಮಿನಾರಿಗೆ ಅಮೃತಶಿಲೆಯ ದೊಡ್ಡ ಸೂರ್ಯಗಡಿಯಾರವನ್ನು ಮಾಡಿಕೊಟ್ಟ. ಮಸೀದಿಯೇ ಅವನಿಗೆ ವೇಧಶಾಲೆಯೂ ಆಗಿತ್ತು.

ಅಕ್ಕ, ನೀವೇ ಕಣ್ಣಾರೆ ನೋಡಬಹುದಾದ ಒಂದು ಸಂಗತಿಯಿದೆ. ವರ್ಷಕ್ಕೆ ಎರಡು ದಿನ, ಮೇ 28 ಮತ್ತು ಜುಲೈ 16ರ ಸುಮಾರಿಗೆ, ಸೂರ್ಯ ಕಾಬಾದ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಮೇ ತಿಂಗಳಲ್ಲಿ ಅದು ಮಧ್ಯಾಹ್ನ 2 ಗಂಟೆ 48 ನಿಮಿಷ. ಆ ಕ್ಷಣದಲ್ಲಿ ಸೂರ್ಯನಿರುವ ಕಡೆಯೇ ಮಕ್ಕಾದ ಕಡೆ. ಜುಲೈಯಲ್ಲಿ ಮುಂಬಯಿಯ ಮೋಡ ಬಿಡುವುದಿಲ್ಲ. ಇದೇ ಮೇ 28ರಂದು ಮಾಡಿ ನೋಡಿ.

ಉತ್ತರ 4: ಫೋಂಡಾದಿಂದ, ಗೋವಾ

ಭಟ್ಕಳದವರ ಮಾತಿಗೆ ಗೋವಾದಿಂದ ಒಂದು ಬೆಂಬಲ. ನಮ್ಮ ಫೋಂಡಾದ ಸಫಾ ಮಸೀದಿ 1560ರದು, ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲೇ ಕಟ್ಟಿದ್ದು. ಅದಕ್ಕೂ ಗುಮ್ಮಟವಿಲ್ಲ, ಇಳಿಜಾರಾದ ಹೆಂಚಿನ ಮಾಡು, ನಮ್ಮ ಮಳೆಗೆ ಅದೇ ಸರಿ. ಪಕ್ಕದಲ್ಲಿ ಜಂಬಿಟ್ಟಿಗೆಯ ದೊಡ್ಡ ಕೆರೆಯಿದೆ. ಕೆರೆಯ ಗೋಡೆಗಳಲ್ಲಿ ಸುತ್ತಲೂ ಮಿಹ್ರಾಬಿನ ಆಕಾರದ ಕಮಾನುಗಳನ್ನು ಕೊರೆದಿದ್ದಾರೆ. ಮಳೆ ನಿಂತ ಮೇಲೆ ನೀರು ತುಂಬಿರುವಾಗ ಮೆಟ್ಟಿಲ ಮೇಲೆ ಕುಳಿತರೆ ಕಮಾನುಗಳೂ ಮೋಡಗಳೂ ಒಟ್ಟಿಗೆ ನೀರಿನಲ್ಲಿ ಕಾಣುತ್ತವೆ. ಕಟ್ಟಿದವರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳುತ್ತಿಲ್ಲ. ಅದೇ ರಾಜವಂಶ ಒಂದು ಕಡೆ ಗುಮ್ಮಟ, ಇನ್ನೊಂದು ಕಡೆ ಹೆಂಚಿನ ಮಾಡು ಕಟ್ಟಿಸಿತು, ಪ್ರಾರ್ಥನೆಯ ದಿಕ್ಕು ಮಾತ್ರ ಎರಡಕ್ಕೂ ಒಂದೇ ಊರಿನ ಕಡೆಗೆ ಎಂಬುದನ್ನಷ್ಟೇ ತಿಳಿಸಬೇಕೆನಿಸಿತು.

ಉತ್ತರ 5: ಕೋಥ್ರೂಡ್ ಕನ್ನಡಿಗ, ಪುಣೆ

ನನ್ನ ಮೊದಲ ಉತ್ತರವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಕಲ್ಲಿನ ಭಾರದ ಲೆಕ್ಕವನ್ನೂ ಆಕಾಶದ ಲೆಕ್ಕವನ್ನೂ ನಾನು ಬೇರೆ ಬೇರೆ ಮಾಡಿಬಿಟ್ಟೆ. ಎರಡನ್ನೂ ಒಬ್ಬನೇ ಮಾಡುತ್ತಿದ್ದ ಕಾಲವಿತ್ತು. ಜಮ್‌ಶೀದ್ ಅಲ್ ಕಾಶಿ ಸಮರಖಂಡದಲ್ಲಿ ದೊರೆ ಉಲುಗ್ ಬೇಗನ ವೇಧಶಾಲೆಯ ಕೆಲಸದಲ್ಲಿದ್ದವನು. ಅವನು 1427ರಲ್ಲಿ ಮುಗಿಸಿದ ಅಂಕಗಣಿತದ ಗ್ರಂಥದಲ್ಲಿ ಕಮಾನು, ಗುಮ್ಮಟ ಮತ್ತು ಮುಕರ್ನಸ್‌ಗಳನ್ನು ಅಳೆಯುವ ಬಗೆಯನ್ನು ವಿವರಿಸಿದ್ದಾನೆ. ಮುಕರ್ನಸ್ ಎಂದರೆ ಮೂಲೆಗಳಲ್ಲಿ ಜೇನುಗೂಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಣ್ಣ ಗೂಡುಗಳ ಕೆಲಸ. ಅದರ ಮೇಲ್ಮೈ ಎಷ್ಟೆಂದು ತಿಳಿದರೆ ತಾನೇ ಸಾಮಗ್ರಿಯ, ಕೂಲಿಯ ಅಂದಾಜು ಸಿಗುವುದು. ರಾತ್ರಿ ನಕ್ಷತ್ರ ಅಳೆದ ಕೈಯೇ ಹಗಲು ಗಾರೆಯ ಲೆಕ್ಕ ಬರೆದಿತ್ತು.

ಇನ್ನೊಂದು ಸಂಗತಿ ನಮಗೆಲ್ಲ ಸಂತೋಷ ಕೊಡುವಂಥದ್ದು. ನಮ್ಮಲ್ಲಿ ದೇವಾಲಯಕ್ಕೆ ಪಾಯ ತೆಗೆಯುವ ಮೊದಲು ನೆಲದ ಮೇಲೆ ವೃತ್ತ ಬರೆದು, ನಡುವೆ ಶಂಕು ನೆಟ್ಟು, ಬೆಳಿಗ್ಗೆ ಮತ್ತು ಸಂಜೆ ಅದರ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಗುರುತಿಸುತ್ತಾರೆ. ಅವುಗಳನ್ನು ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ಇದೇ ವಿಧಾನವನ್ನು ಅರಬ್ಬಿ ಖಗೋಳಜ್ಞರು ಬಳಸಿದರು, ಮತ್ತು ಅದಕ್ಕೆ ‘ಹಿಂದೀ ವೃತ್ತ’ ಎಂದೇ ಹೆಸರಿಟ್ಟರು.

ಪ್ರಶ್ನೆ ಕೇಳಿದವರ ಮರುಬರಹ: ವಿಜಯಪುರದವಳು, ಡೊಂಬಿವಲಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಜಿ.ಪಿ.ಒ.ದ ಗುಮ್ಮಟ ನನ್ನನ್ನು ಕಾಡಿದ್ದೇಕೆಂದು ಈಗ ಅರ್ಥವಾಗುತ್ತಿದೆ. ಬೆಗ್ ಅವರು ನಮ್ಮೂರಿನಿಂದ ಆಕಾರವನ್ನು ತಂದರು. ಬಾಗಿಲ ಮೇಲಿನ ಬರಹವನ್ನು ತರಲಿಲ್ಲ. ಅಂಚೆ ಕಚೇರಿಗೆ ಅದರ ಅಗತ್ಯವೂ ಇರಲಿಲ್ಲ. ಇಬ್ರಾಹಿಂ ರೋಜಾದ ಶಾಸನದ ಕೆಳಗೆ ನಾನು ಎಷ್ಟೋ ಸಲ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದೇನೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಭಟ್ಕಳದ ತಮ್ಮನವರು ಹೇಳಿದಂತೆ 28ರಂದು ಮಧ್ಯಾಹ್ನ ಎರಡೂವರೆಗೇ ನಮ್ಮ ಕಟ್ಟಡದ ತಾರಸಿಗೆ ಹೋದೆ. ನೆಲ ಕಾದು ಕಾಲಿಡಲಾಗುತ್ತಿರಲಿಲ್ಲ. ಒಂದು ಮೀಟರ್ ಉದ್ದದ ಕೋಲನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟು, ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನೋಡಿಕೊಂಡೆ. 2 ಗಂಟೆ 48 ನಿಮಿಷಕ್ಕೆ ನೆರಳು ಸುಮಾರು 60 ಸೆಂಟಿಮೀಟರ್ ಇತ್ತು, ಪೂರ್ವದಿಂದ ತುಸು ದಕ್ಷಿಣಕ್ಕೆ ಸರಿದಿತ್ತು. ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕೋಲಿನ ಬುಡದಿಂದ ಹಿಂದಕ್ಕೂ ಅದೇ ನೇರದಲ್ಲಿ ಮುಂದುವರಿಸಿದೆ. ಆ ಗೆರೆ ತಾರಸಿಯ ಗೋಡೆಗೆ ಓರೆಯಾಗಿ ಹೋಗಿ ತಾಗಿತು, ನೀವು ಹೇಳಿದ ನಮಾಜ್ ಕೋಣೆಯ ಚಾಪೆಗಳ ಹಾಗೆಯೇ. ಮೂರನೆಯ ಮಹಡಿಯ ಮಕ್ಕಳು ಬಂದು ಇದೇನು ಅಜ್ಜಿ ಎಂದು ಕೇಳಿದರು. ಹೇಳಿದೆ. ಅವರು ಒಬ್ಬರ ಹಿಂದೊಬ್ಬರು ಗೆರೆಯ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನ ಕಡೆ ಮುಖ ಮಾಡಿದರು. ಮಳೆ ಶುರುವಾಗುವ ಮೊದಲು ಆ ಗೆರೆಯ ಮೇಲೆ ಬಣ್ಣ ಹಚ್ಚಿಡಲು ಸೊಸೈಟಿಯವರ ಒಪ್ಪಿಗೆ ಕೇಳಿದ್ದೇನೆ.